ಎಸೆದದ್ದೋ, ಇಟ್ಟದ್ದೋ?

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಗುಡ್ಡಕ್ಕೆ ಒರಗಿದರೆ ಬೆನ್ನಿಗೆ ಹಸಿರು ಮೆತ್ತಿಕೊಳ್ಳುತ್ತಿತ್ತು. ಹೊಳೆಯಲ್ಲಿ ಕಾಲು ತೊಳೆದರೆ ಪಾದ ನೀಲಿಯಾಗುತ್ತಿತ್ತು. ಅಂಥ ಕಾಲ.

ನಗಬೇಡ. ನಾನು ನೋಡಿದ್ದೀನಾ? ಇಲ್ಲ. ನಮ್ಮಜ್ಜಿ ಹೇಳಿದ್ದು. ನಮ್ಮಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ಹೇಳಿದರೂ ಊಟದ ವಿಷಯದಲ್ಲಿ ಹೇಳುತ್ತಿರಲಿಲ್ಲ. ಇದು ಊಟದ ಕಥೆ. ಸುಮ್ಮನೆ ಹೂಂಗುಟ್ಟುತ್ತಾ ಕೇಳು. ಮಧ್ಯೆ ಮಧ್ಯೆ "ಯಾಕೆ, ಯಾಕೆ" ಅಂತ ಪ್ರಾಣ ತಿಂದರೆ ಎದ್ದು ಹೋಗಿ ಅಕ್ಕಿ ಆರಿಸ್ತೀನಿ, ಅಷ್ಟೆ.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಗಾಳಿಗೆ, ಹೊಳೆಗೆ, ಹಸುವಿಗೆ, ಇರುವೆಗೆ. ಕಲ್ಲಿಗೂ ಬರುತ್ತಿತ್ತಂತೆ. ಆದರೆ ಅದು ಮಹಾ ಸೋಮಾರಿ, ಒಂದು ಮಾತು ಮುಗಿಸಲು ಒಂದು ಮಳೆಗಾಲ ತೆಗೆದುಕೊಳ್ಳುತ್ತಿತ್ತು.

ಒಂದು ದಿನ ಭೂಮಿತಾಯಿ ಮೊರ ಹಿಡಿದು ಕೂತು ಎಲ್ಲರಿಗೂ ಪಾಲು ಹಂಚಿದಳು.

"ಹಸುವೇ, ಹುಲ್ಲು ನಿನ್ನದು." ಹಸು ತಲೆಯಾಡಿಸಿ ಹೋಯಿತು.

"ಕಪ್ಪೆಯೇ, ಹುಳ ನಿನ್ನದು." ಕಪ್ಪೆ ನೆಗೆದು ಹೋಯಿತು.

"ಗಿಳಿಯೇ, ಹಣ್ಣು ನಿನ್ನದು." ಗಿಳಿ ಅದನ್ನೇ ನಾಲ್ಕು ಸಲ ಹೇಳಿಕೊಂಡು ಹೋಯಿತು.

ಕಾಗೆ ಬಂದದ್ದು ಎಲ್ಲರಿಗಿಂತ ಕೊನೆಗೆ. ದಾರಿಯಲ್ಲಿ ಸಿಕ್ಕಿದವರ ಹತ್ತಿರವೆಲ್ಲ ಹರಟೆ ಹೊಡೆಯುತ್ತಾ ನಿಂತಿತ್ತು. ಅದು ಬರುವ ಹೊತ್ತಿಗೆ ಮೊರ ಖಾಲಿ.

"ಬಂದೆಯಾ ಮಹಾರಾಯ? ಈಗ ಬೆಳಗಾಯಿತಾ ನಿನಗೆ?" ಅಂದಳು ಭೂಮಿತಾಯಿ. ಮೊರ ಕೊಡವಿ ನೋಡಿದಳು. ತುಂಬಾ ಹೊತ್ತು ಯೋಚನೆ ಮಾಡಿ ಹೇಳಿದಳು: "ಮನುಷ್ಯರು ಉಂಡು ಎಸೆದದ್ದು ಒಂದು ಉಳಿದಿದೆ. ಅದನ್ನು ಯಾರೂ ಬೇಡ ಅಂದರು. ಅದೆಲ್ಲ ನಿನ್ನದು, ಯಾರನ್ನೂ ಕೇಳದೆ ತಿನ್ನು. ಜೊತೆಗೆ ಒಂದು ಕೆಲಸವೂ ಉಂಟು. ಮನುಷ್ಯರು ತೀರಿಹೋದ ಹಿರಿಯರಿಗೆ ಅಂತ ಎಡೆ ಇಡುತ್ತಾರೆ. ಬಂದು ಉಣ್ಣಲು ಹಿರಿಯರಿಗೆ ಬಾಯಿ ಇಲ್ಲ ನೋಡು, ಅವರ ಪರವಾಗಿ ನೀನು ಒಂದು ತುತ್ತು ಮುಟ್ಟು. ನೀನು ಮುಟ್ಟಿದರೆ ಹಿರಿಯರು ಉಂಡ ಹಾಗೆ. ಆಮೇಲೆ ಮನೆಯವರು ಉಣ್ಣಲಿ."

"ಎಸೆದದ್ದು ಯಾವುದು, ಇಟ್ಟದ್ದು ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು?" ಕಾಗೆ ಕೇಳಿತು.

"ಅಷ್ಟೂ ತಿಳಿಯಲ್ವಾ? ಉಂಡವರು ಎಲೆ ಮಡಚಿ ಎಸೆಯುತ್ತಾರೆ. ಅದು ಕೆಳಗೆ ತಿಪ್ಪೆ ಮೇಲೆ ಬಿದ್ದಿರುತ್ತದೆ, ತಣ್ಣಗಿರುತ್ತದೆ. ಹಿರಿಯರಿಗೆ ಇಟ್ಟ ಎಲೆ ಬಿಡಿಸಿಯೇ ಇರುತ್ತದೆ. ಅದು ಮೇಲೆ ಗೋಡೆಯ ಮೇಲಿರುತ್ತದೆ, ಬಿಸಿಯಾಗಿರುತ್ತದೆ. ಮಡಚಿದ್ದು ಎಸೆದದ್ದು, ಬಿಡಿಸಿದ್ದು ಇಟ್ಟದ್ದು. ತಿಳೀತಾ?"

"ಮಡಚಿದ್ದು ಎಸೆದದ್ದು, ಬಿಡಿಸಿದ್ದು ಇಟ್ಟದ್ದು," ಅಂತ ಕಾಗೆ ಬಾಯಿಪಾಠ ಮಾಡಿಕೊಂಡು ಹಾರಿತು. ಅದಕ್ಕೆ ಖುಷಿಯೋ ಖುಷಿ. ಎಸೆದದ್ದಕ್ಕೆ ಜಗಳಕ್ಕೆ ಬರುವವರು ಯಾರು ಹೇಳು?

ಯಾರೂ ಇಲ್ಲ ಅಂದುಕೊಂಡಿತ್ತು ಪಾಪ.

ಹೊಳೆ ದಂಡೆಯಲ್ಲಿ ಒಂದು ಊರು. ಊರಿನಲ್ಲಿ ಒಂದು ದೊಡ್ಡಮನೆ. ಆ ಮನೆಯ ಯಜಮಾನ ಸೋಮಜ್ಜ, ಅವನ ಹೆಂಡತಿ ಹೊನ್ನಜ್ಜಿ. ಮನೆ ತುಂಬಾ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಮನೆಯ ಸುತ್ತ ಆಳೆತ್ತರದ ಕಲ್ಲಿನ ಗೋಡೆ. ಗೋಡೆಯ ಆಚೆ ತಿಪ್ಪೆ.

ಆ ಗೋಡೆಗೆ ಕಲ್ಲು ಹೊತ್ತವಳು ದ್ಯಾವಿ ಅನ್ನುವ ಹೆಂಗಸು. ತಲೆ ಮೇಲೆ ಸಿಂಬಿ ಇಟ್ಟು, ಸಿಂಬಿ ಮೇಲೆ ಕಲ್ಲಿಟ್ಟು, ಬೆಳಗಿಂದ ಸಂಜೆಯವರೆಗೆ ಹೊತ್ತಳು. ಹೊತ್ತ ದಿನ ಸೆರಗಿಗೆ ಒಂದಿಷ್ಟು ರಾಗಿ ಬೀಳುತ್ತಿತ್ತು. ಗೋಡೆ ಎದ್ದು ನಿಂತ ದಿನ ಸೋಮಜ್ಜ, "ಆಯ್ತು ಕಣಮ್ಮ, ನಾಳೆಯಿಂದ ಬರೋದು ಬೇಡ," ಅಂದ. ಗೋಡೆ ಮುಗಿಯಿತು, ರಾಗಿಯೂ ಮುಗಿಯಿತು.

ಗೊತ್ತು, ಗೊತ್ತು. ಭೂಮಿತಾಯಿ ಪಾಲು ಹಂಚುವಾಗ ದ್ಯಾವಿಗೆ ಯಾಕೆ ಕೊಡಲಿಲ್ಲ ಅಂತ ತಾನೆ ನಿನ್ನ ಪ್ರಶ್ನೆ? ನಾನೂ ನಿನ್ನಷ್ಟಿದ್ದಾಗ ಅದನ್ನೇ ಕೇಳಿದೆ. ನಮ್ಮಜ್ಜಿ, "ಅವಳು ಕಲ್ಲು ಹೊರುತ್ತಿದ್ದಳು, ಕರೆದದ್ದು ಕೇಳಿಸಲಿಲ್ಲ," ಅಂದಳು. ಇನ್ನೊಂದು ದಿನ ಕೇಳಿದರೆ, "ಅವಳ ಪಾಲನ್ನೂ ಯಾರೋ ಇಸಕೊಂಡು ಹೋದರು," ಅಂದಳು. ಯಾವುದು ನಿಜವೋ. ಎರಡೂ ನಿಜ ಇರಬಹುದು. ನನಗೆ ಇವತ್ತಿಗೂ ಬಗೆಹರಿದಿಲ್ಲ, ಮುಂದಕ್ಕೆ ಕೇಳು.

ದ್ಯಾವಿಗೆ ನಾಲ್ಕು ವರ್ಷದ ಒಬ್ಬಳು ಮಗಳಿದ್ದಳು. ಗಂಡ ಇರಲಿಲ್ಲ, ಮನೆಯೂ ಇರಲಿಲ್ಲ. ಗೋಡೆಯ ಆಚೆ ನಾಲ್ಕು ಗಳ ನೆಟ್ಟು ಸೋಗೆ ಹೊದಿಸಿಕೊಂಡಿದ್ದಳು. ಕೂಲಿ ನಿಂತ ಮೂರನೇ ದಿನ ದೊಡ್ಡಮನೆಯಲ್ಲಿ ಏನೋ ಶುಭಕಾರ್ಯ. ಉಂಡವರ ಎಲೆಗಳು ಗೋಡೆ ಹಾರಿ ಬಂದು ದಪದಪ ಅಂತ ತಿಪ್ಪೆ ಮೇಲೆ ಬಿದ್ದವು. ಮಗಳು ಎಲೆಗಳನ್ನು ನೋಡಿದಳು. ದ್ಯಾವಿ ಮಗಳನ್ನು ನೋಡಿದಳು. ಅಕ್ಕಪಕ್ಕ ಯಾರಾದರೂ ಇದ್ದಾರಾ ಅಂತ ನೋಡಿದಳು. ಆಮೇಲೆ ಮೊದಲನೇ ಎಲೆಯ ಮಡಿಕೆ ಬಿಚ್ಚಿದಳು.

ನಾಚಿಕೆ ಆಗಲಿಲ್ವಾ ಅಂತೀಯ? ಆಯಿತು ಕಣೇ. ಮೊದಲನೇ ದಿನ ಕಣ್ಣಲ್ಲಿ ನೀರು ಬಂತು. ಎರಡನೇ ದಿನವೂ ಬಂತು. ಮೂರನೇ ದಿನ ಅವಳಿಗೆ ಅದಕ್ಕೆ ಪುರುಸೊತ್ತಿರಲಿಲ್ಲ.

ಅದೂ ಒಂದು ಕೆಲಸವೇ, ಸುಮ್ಮನೆ ಅಲ್ಲ. ಮಜ್ಜಿಗೆ ಕಲಸಿದ ಅನ್ನ ಒಂದು ಕಡೆ, ಸಾರು ಕಲಸಿದ್ದು ಒಂದು ಕಡೆ. ಮಜ್ಜಿಗೆಯದು ಬಿಸಿಲೇರಿದರೆ ಹುಳಿಯಾಗುತ್ತದೆ, ಅದನ್ನು ಮೊದಲು ತಿನ್ನಬೇಕು. ಬರೀ ಅನ್ನ ಸಿಕ್ಕಿದರೆ ಹೊಳೆಯಲ್ಲಿ ತೊಳೆದು, ಬಂಡೆಯ ಮೇಲೆ ಒಣಗಿಸಿ, ಗಂಟು ಕಟ್ಟಿ ಇಡಬೇಕು. ಏನೂ ಸಿಗದ ದಿನ ಅದನ್ನೇ ನೀರಿಗೆ ಹಾಕಿ ಕುದಿಸಬೇಕು. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಡಲಿಲ್ಲ.

ಆಗ ಬಂತು ನೋಡು ಕಾಗೆ!

"ಏಯ್, ಏಳು ಅಲ್ಲಿಂದ! ಎಸೆದದ್ದು ನನ್ನದು!"

"ಹೌದಾ? ಯಾರು ಹೇಳಿದ್ದು?" ದ್ಯಾವಿ ತಲೆ ಎತ್ತದೆ ಕೇಳಿದಳು.

"ಭೂಮಿತಾಯಿ ಹೇಳಿದ್ದು. ಮೊರ ಹಿಡಿದುಕೊಂಡು ಹೇಳಿದ್ದು."

"ನನ್ನನ್ನು ಯಾರೂ ಕರೀಲೇ ಇಲ್ಲ ಕಣಪ್ಪ."

"ನೀನು ಮನುಷ್ಯರವಳು ತಾನೆ? ಮನುಷ್ಯರ ಪಾಲು ಅಡುಗೆಮನೆಯಲ್ಲಿರುತ್ತದೆ."

"ಯಾವ ಅಡುಗೆಮನೆ?" ಅಂದಳು ದ್ಯಾವಿ.

ಕಾಗೆ ಹಾರಿಹೋಗಿ ಹಸುವನ್ನು ಕೇಳಿತು: "ಮನುಷ್ಯರು ಎಸೆದದ್ದನ್ನು ಮನುಷ್ಯರೇ ತಿನ್ನುತ್ತಾರಾ?" ಹಸು ಮೆಲುಕು ನಿಲ್ಲಿಸಿ, "ಯಾವ ಹಸುವೂ ಹುಲ್ಲು ಎಸೆದದ್ದನ್ನೇ ನಾನು ಕಂಡಿಲ್ಲಪ್ಪ," ಅಂದಿತು. ಹೊಳೆಯನ್ನು ಕೇಳಿತು. "ನನಗೆ ಕುಂಕುಮ ಹಚ್ಚಿದ ಬಾಗಿನವನ್ನೂ ಬಿಡುತ್ತಾರೆ, ಕೊಳೆತ ಕುಂಬಳಕಾಯನ್ನೂ ಬಿಡುತ್ತಾರೆ. ಮನುಷ್ಯರ ವಿಷಯ ನನ್ನನ್ನು ಕೇಳಬೇಡ, ನನಗೇ ತಲೆ ಕೆಟ್ಟಿದೆ," ಅಂದಿತು ಹೊಳೆ.

ಕಾಗೆ ತಿರುಗಿ ಬಂದು ತಿಪ್ಪೆಯ ಮೇಲೆ ಕೂತಿತು. ಬೈಯೋಣ ಅಂದರೆ ಬೈಗುಳ ಬರಲಿಲ್ಲ. ಕೊನೆಗೆ, "ಆ ಮೂಲೆ ನಿನ್ನದು, ಈ ಮೂಲೆ ನನ್ನದು. ತಲೆ ತಿನ್ನಬೇಡ," ಅಂದಿತು. ದ್ಯಾವಿ, "ಆಗಲಿ," ಅಂದಳು. ಹಾಗೇ ನಡೆಯಿತು ಒಂದಷ್ಟು ದಿನ.

ಆಮೇಲೆ ಹಿರಿಯರ ಹಬ್ಬ ಬಂತು. ಲೋಕ ಹೊಸದಾದರೂ ಸಾವು ಆಗಲೇ ಬಂದಿತ್ತು ಕೂಸೇ. ಅದು ಮಾತ್ರ ಎಲ್ಲರಿಗಿಂತ ಮುಂಚೆ ಬಂದು ಜಾಗ ಹಿಡಿದಿತ್ತು.

ಹಬ್ಬಕ್ಕೆ ಮುಂಚೆ ಮೂರು ದಿನ ದೊಡ್ಡಮನೆಯಲ್ಲಿ ಬರೀ ಗುಡಿಸುವುದು, ಸಾರಿಸುವುದು, ಉಪವಾಸ, ಮಡಿ. ಒಂದು ಎಲೆಯೂ ಗೋಡೆ ಹಾರಲಿಲ್ಲ. ದ್ಯಾವಿಯ ಒಣಗಿಸಿದ ಅನ್ನದ ಗಂಟು ಮೊದಲನೇ ದಿನವೇ ಮುಗಿಯಿತು. ಎರಡನೇ ದಿನವೂ ಮೂರನೇ ದಿನವೂ ಮಗಳು ಹೊಳೆಯ ನೀರು ಕುಡಿದು ಮಲಗಿದಳು. ಹಬ್ಬದ ದಿನ ಬೆಳಗ್ಗೆ ಎದ್ದವಳು ಅಳಲೇ ಇಲ್ಲ. ಹಠ ಮಾಡಿ, ಕಾಲು ಬಡಿದು ಅತ್ತಿದ್ದರೆ ದ್ಯಾವಿಗೆ ಎಷ್ಟೋ ಧೈರ್ಯ ಇರುತ್ತಿತ್ತು. ಮಗು ಸುಮ್ಮನೆ ಗೋಡೆಗೆ ಒರಗಿ ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. 

ಗೋಡೆಯ ಒಳಗಿನಿಂದ ಎಣ್ಣೆಯಲ್ಲಿ ವಡೆ ಬೇಯುವ ವಾಸನೆ ಬರುತ್ತಿತ್ತು. "ಇನ್ನೇನು ಮಗಳೇ, ಕಾಗೆ ಎಡೆ ಮುಟ್ಟುತ್ತೆ, ಅವರು ಉಣ್ತಾರೆ, ಎಲೆ ಎಸೀತಾರೆ. ಇನ್ನು ಸ್ವಲ್ಪ ಹೊತ್ತು," ಅಂತ ದ್ಯಾವಿ ಮಗಳ ತಲೆ ನೇವರಿಸುತ್ತಾ ಕೂತಳು.

ಹೊನ್ನಜ್ಜಿ ಬಾಳೆ ಎಲೆಯಲ್ಲಿ ಅನ್ನ, ಕುಂಬಳಕಾಯಿ ಹುಳಿ, ಎರಡು ವಡೆ, ಪಾಯಸ ಬಡಿಸಿ ಗೋಡೆಯ ಮೇಲಿಟ್ಟಳು. ಸುತ್ತ ನೀರು ಬಿಟ್ಟಳು. ಕೈ ಮುಗಿದು, "ಬಾ ಕಾಗೆ, ಬಾ ಬಾ," ಅಂತ ಕರೆದಳು.

ಕಾಗೆ ಎಲ್ಲಿ? ಹೊಳೆಯ ಆಚೆ ದಡದಲ್ಲಿ ಮೀಂಚುಳ್ಳಿಯ ಹತ್ತಿರ ಹರಟೆ ಹೊಡೆಯುತ್ತಾ ಕೂತಿತ್ತು. ಹುಟ್ಟುಗುಣ.

ಹೊನ್ನಜ್ಜಿ ಕರೆದು ಕರೆದು ಸಾಕಾಗಿ ಒಳಗೆ ಹೋದಳು. ಅಷ್ಟರಲ್ಲಿ ಗಾಳಿ ಬಂತು. ಯಾರೂ ಕರೆದಿರಲಿಲ್ಲ, ತನ್ನ ಪಾಡಿಗೆ ಎಲ್ಲಿಗೋ ಹೊರಟಿತ್ತು. ಗೋಡೆ ದಾಟುವಾಗ ಅದರ ಸೆರಗು ಎಲೆಗೆ ತಾಗಿತು. ಎಲೆ ಜಾರಿತು. ಜಾರಿ, ತಿಪ್ಪೆಯ ಮೇಲೆ ಬಂದು ಕೂತಿತು. ಬಿತ್ತು ಅನ್ನಬೇಕೋ, ಕೂತಿತು ಅನ್ನಬೇಕೋ! ಮಗುಚಲಿಲ್ಲ, ಚೆಲ್ಲಲಿಲ್ಲ. ಪಾಯಸ ಮಾತ್ರ ಒಂದಿಷ್ಟು ಅನ್ನದ ಕಡೆ ಹರಿಯಿತು.

ಮಗಳ ಕಣ್ಣು ಪೂರ್ತಿ ತೆರೆಯಿತು. ಕೈ ಚಾಚಿದಳು.

ದ್ಯಾವಿ ಆ ಕೈ ಹಿಡಿದುಕೊಂಡಳು. "ತಡಿ ತಡಿ! ಎಲೆ ಬಿಡಿಸಿದೆ. ಅನ್ನ ಬಿಸಿ ಇದೆ. ಎಸೆದ ಅನ್ನ ಯಾವತ್ತಾದರೂ ಬಿಸಿ ಇರುತ್ತಾ? ಇದು ಹಿರಿಯರದ್ದು ಕಣೇ."

ಅವಳ ಭಯ ಏನು ಗೊತ್ತಾ? ಈ ಮಗಳಿಗಿಂತ ಮುಂಚೆ ಹುಟ್ಟಿದ ಮೂರು ಮಕ್ಕಳು ಅವಳಿಗೆ ದಕ್ಕಿರಲಿಲ್ಲ. ಸತ್ತವರ ಊಟಕ್ಕೆ ಕೈ ಹಾಕಿದರೆ, ಸತ್ತವರು ಸಿಟ್ಟಾಗಿ ಇವಳನ್ನೂ ಕರೆದುಕೊಂಡು ಹೋದರೆ? ತಿನ್ನಿಸಿದರೆ ಹಾಗೆ. ತಿನ್ನಿಸದಿದ್ದರೆ ಸಂಜೆಯ ಹೊತ್ತಿಗೆ ಮಗು ಏನಾಗುತ್ತದೋ. ಅವಳಿಗೆ ದಿಕ್ಕೇ ತೋಚಲಿಲ್ಲ.

ಆಗ ಕಾಗೆ ಬಂತು. ಗೋಡೆ ನೋಡಿತು. ಎಡೆ ಇಲ್ಲ. ಕೆಳಗೆ ನೋಡಿತು. ಎಲೆ ಇದೆ.

"ಕಾಗಪ್ಪ, ಬೇಗ ಹೇಳು," ಅಂದಳು ದ್ಯಾವಿ. "ಇದು ಎಸೆದದ್ದೋ, ಇಟ್ಟದ್ದೋ? ಎಸೆದದ್ದಾದರೆ ಮಗು ತಿನ್ನಲಿ. ಇಟ್ಟದ್ದಾದರೆ ನಾವು ಮುಟ್ಟಲ್ಲ. ನಿನಗೆ ತಾನೆ ಭೂಮಿತಾಯಿ ಹೇಳಿಕೊಟ್ಟಿರೋದು?"

"ಅದಕ್ಕೇನಂತೆ, ಈಗಲೇ ಹೇಳ್ತೀನಿ," ಅಂತ ಕಾಗೆ ಜಂಬದಿಂದ ಬಂದು ನಿಂತಿತು. "ಮಡಚಿದ್ದು ಎಸೆದದ್ದು, ಬಿಡಿಸಿದ್ದು ಇಟ್ಟದ್ದು. ಇದು ಬಿಡಿಸಿದೆ. ಹಾಗಾದರೆ ಇಟ್ಟದ್ದು. ಆದರೆ ಮೇಲಿರುವುದು ಇಟ್ಟದ್ದು, ಕೆಳಗಿರುವುದು ಎಸೆದದ್ದು. ಇದು ಕೆಳಗಿದೆ. ಹಾಗಾದರೆ ಎಸೆದದ್ದು. ಬಿಸಿ ಇದೆ, ಇಟ್ಟದ್ದು. ತಿಪ್ಪೆ ಮೇಲಿದೆ, ಎಸೆದದ್ದು. ಇಟ್ಟದ್ದು... ಎಸೆದದ್ದು... ಅಯ್ಯೋ, ಏನಿದು!"

ಕಾಗೆ ಗಾಳಿಯನ್ನು ಕೂಗಿ ಕರೆಯಿತು. "ಎಲೆಯನ್ನು ನೀನು ಎಸೆದೆಯಾ, ಇಟ್ಟೆಯಾ?"

"ಎರಡೂ ಇಲ್ಲ. ನಾನು ಹೋಗ್ತಾ ಇದ್ದೆ, ಅಷ್ಟೆ," ಅಂತ ಗಾಳಿ ನಿಲ್ಲದೆ ಹೋಯಿತು. ಗಾಳಿ ಯಾವತ್ತೂ ಹಾಗೆ, ಮಾಡುವುದನ್ನೆಲ್ಲ ಮಾಡಿ ತನಗೇನೂ ಗೊತ್ತಿಲ್ಲ ಅನ್ನುತ್ತದೆ.

ತಿಪ್ಪೆಯನ್ನು ಕೇಳಿತು. "ನನ್ನ ಮೇಲೆ ಬಂದದ್ದೆಲ್ಲ ಮಣ್ಣಾಗಲಿಕ್ಕೆ ಬಂದದ್ದು ಅಂತ ತಿಳಕೊಂಡಿದ್ದೆ. ಇಷ್ಟು ಘಮಘಮ ಅನ್ನೋದು ಇವತ್ತೇ ಬಂದಿರೋದು. ನನಗೂ ಅರ್ಥ ಆಗ್ತಿಲ್ಲ," ಅಂದಿತು ತಿಪ್ಪೆ.

ಇವರೆಲ್ಲ ಹೀಗೆ ಚರ್ಚೆ ಮಾಡುತ್ತಾ ನಿಂತಿದ್ದರೆ ಹಸಿದ ಮಗು ಕಾಯುತ್ತಾ? ದ್ಯಾವಿಯ ಹಿಡಿತ ಸಡಿಲವಾದದ್ದೇ ತಡ, ಕೈ ಬಿಡಿಸಿಕೊಂಡು ಒಂದು ವಡೆ ತೆಗೆದು ಬಾಯಿಗೆ ಹಾಕಿಕೊಂಡಿತು. ಕರುಂ ಅಂತ ಶಬ್ದವಾಯಿತು.

"ಅಯ್ಯೋ ನನ್ನವ್ವಾ!" ಅಂತ ದ್ಯಾವಿ ಹಣೆ ಚಚ್ಚಿಕೊಂಡಳು.

ಅದೇ ಹೊತ್ತಿಗೆ ಸೋಮಜ್ಜ ಗೋಡೆ ಸುತ್ತಿ ಬಂದ. ಹಿಂದೆಯೇ ಹೊನ್ನಜ್ಜಿ ಓಡಿ ಬಂದಳು. ಕಾಗೆ ಮುಟ್ಟಿತಾ ನೋಡೋಣ ಅಂತ ಬಂದವರಿಗೆ ಕಂಡದ್ದು ಇದು.

"ಎಲಾ ಇವಳ! ಹಿರಿಯರ ಎಡೆ ಎಂಜಲು ಮಾಡಿದಿರಲ್ಲೇ!" ಸೋಮಜ್ಜನ ಕೂಗಿಗೆ ಹೊಳೆಯೇ ಒಂದು ಗಳಿಗೆ ನಿಂತಿತು. "ಸೂರ್ಯ ಮುಳುಗೋದರೊಳಗೆ ನೀವಿಬ್ಬರೂ ಹೊಳೆ ದಾಟಬೇಕು. ಮತ್ತೆ ಈ ಕಡೆ ತಲೆ ಹಾಕಿದರೆ ನಾಯಿ ಬಿಡ್ತೀನಿ!"

ಹೊಳೆಯ ಆಚೆ ಏನಿತ್ತು ಗೊತ್ತಾ? ಬರೀ ಬಂಡೆ. ಊರಿಲ್ಲ, ಮನೆಯಿಲ್ಲ, ಒಲೆಯಿಲ್ಲ. ಒಲೆಯಿಲ್ಲ ಅಂದ ಮೇಲೆ ತಿಪ್ಪೆಯೂ ಇಲ್ಲ. ಅಲ್ಲಿಗೆ ಹೋಗು ಅನ್ನುವುದೂ ಒಂದೇ, ಸಾಯಿ ಅನ್ನುವುದೂ ಒಂದೇ.

"ಅಪ್ಪಾ, ನಾವು ಗೋಡೆ ಮುಟ್ಟಲಿಲ್ಲ. ಕೆಳಗಿತ್ತು. ಕಾಗೇನೇ ಕೇಳಿ," ಅಂತ ದ್ಯಾವಿ ಕಾಲಿಗೆ ಬಿದ್ದಳು.

"ಹೇಳು ಕಾಗೆ," ಅಂದ ಸೋಮಜ್ಜ. "ಇದು ನಾವು ಇಟ್ಟ ಎಡೆ ತಾನೆ?"

ಇಟ್ಟದ್ದು ಅಂದರೆ ದ್ಯಾವಿ ಮಗಳನ್ನೆತ್ತಿಕೊಂಡು ಹೊಳೆ ದಾಟಬೇಕು. ಎಸೆದದ್ದು ಅಂದರೆ ದೊಡ್ಡಮನೆಯವರು ಹಿರಿಯರ ಊಟವನ್ನೇ ತಿಪ್ಪೆಗೆ ಎಸೆದರು ಅಂತಾಗುತ್ತದೆ. ಹೊನ್ನಜ್ಜಿ ಆಗಲೇ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದಳು. ಕಾಗೆಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ನಿಜ ಯಾವುದು ಅಂತ ಗೊತ್ತಿರಲಿಲ್ಲ. ಕೊಕ್ಕು ತೆರೆದುಕೊಂಡು ನಿಂತುಬಿಟ್ಟಿತು.

ಸೋಮಜ್ಜನಿಗೆ ತಾಳ್ಮೆ ತಪ್ಪಿತು. "ಇರಲಿ. ಯಾರು ಎಂಜಲು ಮಾಡಿದ್ದು ಅಂತ ಹಿರಿಯರ ಮುಂದೆ ಹೆಸರು ಹೇಳಿ ತಪ್ಪೊಪ್ಪಿಕೋಬೇಕು. ಏನು ಇದರ ಹೆಸರು?"

"ತಿಪ್ಪಿ," ಅಂದಳು ದ್ಯಾವಿ.

"ಇದೆಂಥ ಹೆಸರೇ ಮಾರಾಯ್ತಿ!" ಹೊನ್ನಜ್ಜಿ ಅಳು ನಿಲ್ಲಿಸಿ ಕೇಳಿದಳು. ಆಗಿನ್ನೂ ಲೋಕದಲ್ಲಿ ಯಾರೂ ಅಂಥ ಹೆಸರು ಇಟ್ಟಿರಲಿಲ್ಲ.

"ಇವಳಿಗಿಂತ ಮುಂಚೆ ಮೂರು ಮಕ್ಕಳು ನಿಲ್ಲಲಿಲ್ಲ ಕಣವ್ವಾ. ಮೂರಕ್ಕೂ ಚೆಂದ ಚೆಂದದ ಹೆಸರಿಟ್ಟಿದ್ದೆ. ಇವಳು ಹುಟ್ಟಿದಾಗ ಸಾವಿನ ಕಣ್ಣು ತಪ್ಪಿಸಬೇಕು ಅನ್ನಿಸಿತು. ಮೊರದಲ್ಲಿ ಹಾಕಿ, ಇದೇ ತಿಪ್ಪೆ ಮೇಲೆ ಮಲಗಿಸಿ, ಬೆನ್ನು ತಿರುಗಿಸಿ ನಡೆದೆ. ಬೇಡದ ಕೂಸು ಇದು, ನನಗ್ಯಾಕೆ ಅಂತ ಸಾವು ಬಿಟ್ಟು ಹೋಗಲಿ ಅಂತ. ನೂರು ಹೆಜ್ಜೆ ಹೋಗಿ ಓಡಿ ಬಂದು ಎತ್ತಿಕೊಂಡೆ. ಅದಕ್ಕೇ ತಿಪ್ಪಿ."

ಇವತ್ತಿಗೂ ನಮ್ಮ ಕಡೆ ತಿಪ್ಪಮ್ಮ, ತಿಪ್ಪಣ್ಣ ಅಂತ ಇದ್ದಾರಲ್ಲ, ಅವರ ತಾಯಂದಿರೂ ಹೀಗೇ ಹೆದರಿದವರು. ಆ ಹೆಸರು ಕೇಳಿ ನಗಬೇಡ ನೀನು.

ಕಾಗೆ ಮಾತ್ರ ಎರಡೂ ರೆಕ್ಕೆ ಬಡಿಯಿತು. "ನಿಲ್ಲಿ, ನಿಲ್ಲಿ! ಈ ಕೂಸನ್ನು ತಿಪ್ಪೆ ಮೇಲೆ ಎಸೆದೆಯೋ, ಇಟ್ಟೆಯೋ?"

"ಎಸೆದ ಹಾಗೆ ಇಟ್ಟೆ ಕಣಪ್ಪ."

"ಎಸೆದ ಹಾಗೆ ಇಡೋದಾ? ಅದನ್ನು ಭೂಮಿತಾಯಿ ಹೇಳಿಕೊಟ್ಟೇ ಇಲ್ಲವಲ್ಲ!" ಕಾಗೆಯ ತಲೆ ಗಿರ್ರ್ ಅಂತ ತಿರುಗಿತು. ಅದು ಸೋಮಜ್ಜನ ಹತ್ತಿರ ಹೋಯಿತು. ಚುಚ್ಚಬೇಕು ಅಂತಲ್ಲ, ಅದಕ್ಕೆ ನಿಜವಾಗಿಯೂ ಗೊತ್ತಾಗಬೇಕಿತ್ತು. "ಅಜ್ಜಾ, ಅನ್ನದ ಮಾತು ಆಮೇಲೆ. ನೀನು ದೊಡ್ಡವನು, ತಿಳಿದವನು. ಗೋಡೆ ಕಟ್ಟಿಸಿದವನು. ಗೋಡೆಯ ಈ ಕಡೆ ಇರುವ ಈ ಕೂಸು ಎಸೆದದ್ದೋ, ಇಟ್ಟದ್ದೋ? ಎಸೆದದ್ದಾದರೆ ಅದು ನನ್ನದು, ಹೊಳೆ ದಾಟಿಸಲು ನೀನು ಯಾರು? ಇಟ್ಟದ್ದಾದರೆ ಯಾರದ್ದೋ ಆಗಿರಬೇಕಲ್ಲ, ಯಾರದ್ದು? ನೀನು ಕೂಸಿನದ್ದು ಹೇಳು, ನಾನು ಅನ್ನದ್ದು ಹೇಳ್ತೀನಿ."

ಸೋಮಜ್ಜ ಗಡ್ಡ ಕೆರೆದುಕೊಂಡ. ಗೋಡೆ ನೋಡಿದ, ದ್ಯಾವಿಯ ತಲೆಯ ಮೇಲೆ ಸಿಂಬಿ ಕೂತು ಕೂತು ಕೂದಲು ಸವೆದ ಜಾಗ ನೋಡಿದ.

"ಅದು... ಹಾಗಲ್ಲ... ಅಂದರೆ..." ಅಂದ.

"ಏನೂಂದ್ರೆ, ಹೇಳಿ," ಅಂದಳು ಹೊನ್ನಜ್ಜಿ.

"ಗೊತ್ತಿಲ್ಲ ಕಣೇ," ಅಂದ ಸೋಮಜ್ಜ. ಅವನ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು.

ಗೋಡೆಯ ಒಳಗಿನಿಂದ ಮೊಮ್ಮಕ್ಕಳ ಅಳು ಕೇಳಿಸಿತು. "ಅಜ್ಜೀ, ಊಟ ಯಾವಾಗ? ಹೊಟ್ಟೆ ಹಸೀತಿದೆ!" ಬೆಳಗಿಂದ ಅವರ ಬಾಯಿಗೂ ಏನೂ ಬಿದ್ದಿರಲಿಲ್ಲ. ಕಾಗೆ ಮುಟ್ಟದೆ ಉಣ್ಣುವ ಹಾಗಿಲ್ಲ. ತಿಳಿಯದೆ ಕಾಗೆ ಮುಟ್ಟುವ ಹಾಗಿಲ್ಲ. ಹೊತ್ತು ನೆತ್ತಿಯಿಂದ ಇಳಿಯಿತು. ಯಜಮಾನನಿಗೆ ತಿಳಿಯದು, ಕಾಗೆಗೆ ತಿಳಿಯದು, ಗಾಳಿ ಊರಲ್ಲೇ ಇಲ್ಲ. ಎಲ್ಲರೂ ತಿಪ್ಪೆಯ ಸುತ್ತ ಪೆಚ್ಚಾಗಿ ನಿಂತರು.

ಅಲ್ಲಿ ಯಾವ ಗೊಂದಲವೂ ಇಲ್ಲದವಳು ಒಬ್ಬಳೇ, ತಿಪ್ಪಿ. ಒಂದು ವಡೆ ಒಳಗೆ ಹೋಗಿ ಅವಳಿಗೆ ಸ್ವಲ್ಪ ಜೀವ ಬಂದಿತ್ತು. ಎರಡನೆಯದನ್ನು ಕೈಗೆ ತೆಗೆದುಕೊಂಡಳು. ಎದುರಿಗೆ ಕಾಗೆ ಕೊಕ್ಕು ತೆರೆದು ನಿಂತಿತ್ತಲ್ಲ, ಇದಕ್ಕೂ ಹಸಿವು ಅಂದುಕೊಂಡಳು. ವಡೆ ಮುರಿದಳು. ಅರ್ಧ ತಾನಿಟ್ಟುಕೊಂಡು ಇನ್ನರ್ಧವನ್ನು ಅಂಗೈ ಮೇಲಿಟ್ಟು ಚಾಚಿದಳು.

"ತಗೋ," ಅಂದಳು.

ಕಾಗೆ ಬೆಚ್ಚಿತು. ಇದೇನು? ಕೆಳಗಿಲ್ಲ, ಮೇಲಿಲ್ಲ. ಎಲೆಯೇ ಇಲ್ಲ, ಮಡಚುವುದೇನು, ಬಿಡಿಸುವುದೇನು! ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿತು. ಎಸೆದದ್ದಾ? ಅಲ್ಲ, ಕೈ ಬಿಟ್ಟಿಲ್ಲವಲ್ಲ. ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಇಟ್ಟದ್ದಾ? ಅಲ್ಲ, ತಾನು ತಗೊಳ್ಳುವವರೆಗೂ ಈ ಕೈ ಕೆಳಗೆ ಇಳಿಯುವ ಹಾಗೆ ಕಾಣುತ್ತಿಲ್ಲ. ಹಿಂದಕ್ಕೆ ಕುಪ್ಪಳಿಸಿತು. ಪಕ್ಕಕ್ಕೆ ಕುಪ್ಪಳಿಸಿತು. ಮತ್ತೆ ಮುಂದೆ ಬಂತು. ಲೋಕ ಹುಟ್ಟಿದ ಮೇಲೆ ಯಾರೂ ಅದಕ್ಕೆ ಹಾಗೆ ಕೈ ಚಾಚಿರಲಿಲ್ಲ.  ಕಾಗೆ ಟಪ್ಪನೆ ವಡೆ ಕಚ್ಚಿಕೊಂಡು ಹಾರಿಹೋಯಿತು.

"ಮುಟ್ಟಿತು! ಕಾಗೆ ಮುಟ್ಟಿತು!" ಹೊನ್ನಜ್ಜಿ ಕೂಗಿದಳು. ಗೋಡೆಯೊಳಗೆ ಎಲೆ ಹಾಸುವ ಗಡಿಬಿಡಿ ಶುರುವಾಯಿತು. ಕಾಗೆ ಮುಟ್ಟಿದ್ದು ಹಿರಿಯರ ಎಡೆಯನ್ನೋ, ಮಗುವಿನ ಎಂಜಲನ್ನೋ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಅಷ್ಟು ಹಸಿವಾಗಿತ್ತು.

ಸೋಮಜ್ಜ ಮತ್ತೆ ಹೊಳೆ ದಾಟಿ ಅಂತ ಅನ್ನಲಿಲ್ಲ. ಒಳಗೆ ಬನ್ನಿ ಅಂತಲೂ ಅನ್ನಲಿಲ್ಲ. "ತಿನ್ನಲಿ ಬಿಡು," ಅಂದ. ಯಾರಿಗೆ ಅಂದನೋ, ತಲೆ ತಗ್ಗಿಸಿಕೊಂಡು ಹೋದ.

ನನಗೆ ಇಲ್ಲೇ ಸಿಟ್ಟು ಬರೋದು. ಬಾಗಿಲು ತೆಗೆದು "ಬಾರಮ್ಮ, ಕೂತು ಉಣ್ಣು" ಅನ್ನುವುದಕ್ಕೆ ಅವನಿಗೇನು ಧಾಡಿ? ಅಷ್ಟು ದೊಡ್ಡ ಮನೆ! ನಮ್ಮಜ್ಜಿಗೆ ಇದನ್ನೇ ಕೇಳಿ ಬೈಸಿಕೊಂಡಿದ್ದೀನಿ. "ಕಥೆಯಲ್ಲಿ ಇಲ್ಲದ್ದನ್ನು ನಾನೆಲ್ಲಿಂದ ತರಲಿ?" ಅಂದಳು.

ದ್ಯಾವಿ ಆ ರಾತ್ರಿಯೆಲ್ಲ ಮಗಳನ್ನು ತಬ್ಬಿಕೊಂಡು ಕೂತಳು, ಸತ್ತವರು ಬರುತ್ತಾರೋ ಅಂತ. ಯಾರೂ ಬರಲಿಲ್ಲ. ಮರುದಿನ ಬೆಳಗ್ಗೆ ತಿಪ್ಪಿ ಎದ್ದು, ಕಾಲು ಬಡಿದು, ಊರು ಎದ್ದು ಕೂರುವ ಹಾಗೆ ಅತ್ತಳು, ವಡೆ ಬೇಕು ಅಂತ. ದ್ಯಾವಿ ನಗುತ್ತಾ ನಗುತ್ತಾ ತಾನೂ ಅತ್ತಳು.

ಆಮೇಲೆ ಒಂದೊಂದು ದಿನ ಗೋಡೆ ಹಾರಿ ಮಡಚಿದ ಎಲೆಗಳೇ ಬರುತ್ತಿದ್ದವು, ಹಿಂದಿನ ಹಾಗೆ. ಒಂದೊಂದು ದಿನ ಮಾತ್ರ ತಿಪ್ಪೆಯ ಅಂಚಿನಲ್ಲಿ ಬಿಡಿಸಿದ ಎಲೆ ಇರುತ್ತಿತ್ತು. ಅದರ ಮೇಲೆ ಯಾರೂ ಬಾಯಿ ಹಾಕದ ಬಿಸಿ ಅನ್ನ ಇರುತ್ತಿತ್ತು. ಇಟ್ಟವರು ಯಾರು ಅಂತ ದ್ಯಾವಿ ಕೇಳಲಿಲ್ಲ, ಹೊನ್ನಜ್ಜಿ ಹೇಳಲಿಲ್ಲ.

ಕಾಗೆ ಭೂಮಿತಾಯಿಯ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಸಿತು. "ಎಸೆದದ್ದು ಒಂದು, ಇಟ್ಟದ್ದು ಒಂದು. ಆ ಮಗು ಕೈಯಲ್ಲಿ ಹಿಡಿದು ಕೊಟ್ಟಿತಲ್ಲ, ಅದು ಯಾರ ಪಾಲು ತಾಯಿ?"

ಭೂಮಿತಾಯಿ ಖಾಲಿ ಮೊರ ತಿರುಗಿಸಿ ಮುರುಗಿಸಿ ನೋಡಿದಳು. "ಅದನ್ನು ನಾನು ಮೊರಕ್ಕೆ ಹಾಕಿರಲೇ ಇಲ್ಲವಲ್ಲೋ," ಅಂದಳು. "ಅದು ಯಾರ ಪಾಲು ಅಂತ ನನಗೂ ಗೊತ್ತಿಲ್ಲ. ಎಲ್ಲಾದರೂ ಮತ್ತೆ ಕಂಡರೆ ನೋಡಿಕೊಂಡು ಬಂದು ನನಗೂ ಹೇಳು."

ಅದಕ್ಕೇ ಕಣೇ, ಇವತ್ತಿಗೂ ಅನ್ನ ಕಂಡ ತಕ್ಷಣ ಕಾಗೆ ಬಾಯಿ ಹಾಕುವುದಿಲ್ಲ. ಕತ್ತು ಓರೆ ಮಾಡಿ ಈ ಕಣ್ಣಿನಿಂದ ಒಮ್ಮೆ, ಆ ಕಣ್ಣಿನಿಂದ ಒಮ್ಮೆ ನೋಡುತ್ತದೆ, ಪಕ್ಕಕ್ಕೆ ಎರಡು ಸಲ ಕುಪ್ಪಳಿಸುತ್ತದೆ, ಆಮೇಲೆ ಅನ್ನವನ್ನು ಬಿಟ್ಟು ನಿನ್ನ ಕೈಯನ್ನೇ ನೋಡುತ್ತದೆ.